ಚಳಿಗಾಲದಲ್ಲಿ ಡ್ರೋನ್ ಹಾರಿಸುವವರಿಗೆ: ಪುಣೆಯ ಇಬ್ಬನಿಗೆ ಒಂದು ಲೆಕ್ಕ, ಮನಾಲಿಯ ಹಿಮಕ್ಕೆ ಇನ್ನೊಂದು

ಡಿಸೆಂಬರ್ ಬಂತೆಂದರೆ ಓದುಗರಿಂದ ಎರಡೇ ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಪುಣೆ, ಪಿಂಪ್ರಿ-ಚಿಂಚವಾಡ ಕಡೆಯ ನಮ್ಮವರು ಕೇಳುವುದು ಇದು: "ಪವನಾ ಜಲಾಶಯದ ಮೇಲೆ ಬೆಳಗಿನ ಮಂಜು ಸಖತ್ತಾಗಿರುತ್ತೆ, ಅದರೊಳಗೆ ಡ್ರೋನ್ ಬಿಡಬಹುದಾ?" ರಜೆ ಹಾಕಿ ಉತ್ತರಕ್ಕೆ ಹೋಗಿ ಬಂದವರದು ಇನ್ನೊಂದು: "ಮನಾಲಿಯಲ್ಲಿ ಹಾರಿಸ್ತಿದ್ವಿ, ಬ್ಯಾಟರಿ 40 ಪರ್ಸೆಂಟ್ ತೋರಿಸ್ತಿತ್ತು, ಒಮ್ಮೆಲೇ ತಾನೇ ಇಳಿಯೋಕೆ ಶುರು ಮಾಡ್ತು. ಡ್ರೋನ್ ಕೆಟ್ಟಿದೆಯಾ?"

ಕೆಟ್ಟಿರಲಿಕ್ಕಿಲ್ಲ. ಹಾಗೆ ಯಾಕಾಗುತ್ತದೆ ಅನ್ನುವುದು ಮುಂದೆ ಬರುತ್ತದೆ. ಅದಕ್ಕೆ ಮೊದಲು ಒಂದು ಮಾತು. ಪುಣೆಯ ಚಳಿ ಮತ್ತು ಹಿಮಾಲಯದ ಚಳಿ ಡ್ರೋನಿಗೆ ಕೊಡುವ ಕಾಟ ಬೇರೆ ಬೇರೆ. ಸಹ್ಯಾದ್ರಿಯಲ್ಲಿ ಅಪಾಯ ಬರುವುದು ತೇವದಿಂದ. ಹಿಮಾಚಲ, ಲಡಾಖ್ ಕಡೆ ಬರುವುದು ಬ್ಯಾಟರಿಯಿಂದ. ಇಲ್ಲಿ ಹಾರಿಸಿ ಅಭ್ಯಾಸ ಇದೆ ಎಂಬ ಧೈರ್ಯದಲ್ಲಿ ಅಲ್ಲಿಗೆ ಹೋದವರೇ ಜಾಸ್ತಿ ಪೆಟ್ಟು ತಿನ್ನುತ್ತಾರೆ.

ಪುಣೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಈ ಅಂಕಿ ಶಿವಾಜಿನಗರದ ಹವಾಮಾನ ಕೇಂದ್ರದ್ದು. (ಅಲ್ಲಿನ ಚೌಕವನ್ನು ಜನ ಈಗಲೂ ಸಿಮ್ಲಾ ಆಫೀಸ್ ಅಂತಲೇ ಕರೆಯುತ್ತಾರೆ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತ್ತು.) ಪಾಷಾಣ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ), ಹವೇಲಿ ಕಡೆ ಇನ್ನೂ ಒಂದೆರಡು ಡಿಗ್ರಿ ಕಡಿಮೆ ಇರಬಹುದು. ಕೋರೆಗಾಂವ್ ಪಾರ್ಕ್, ಮಗರಪಟ್ಟಾದಲ್ಲಿ ಅಷ್ಟು ಚಳಿ ಇರುವುದಿಲ್ಲ. ಹಾಗಾಗಿ ಮೊಬೈಲಿನಲ್ಲಿ ಕಾಣುವ 'ಪುಣೆ' ಅಂಕಿಯನ್ನು ನಂಬಿ ಮುಳಶಿಗೆ ಹೋಗಬೇಡಿ. ನೀರಿರುವ ಕಣಿವೆಯಲ್ಲಿ ತಣ್ಣನೆಯ ಗಾಳಿ ಕೆಳಗೆ ಬಂದು ಕೂರುತ್ತದೆ. ಮಹಾಬಳೇಶ್ವರದ ವೆಣ್ಣಾ ಕೆರೆಯ ದಂಡೆಯಲ್ಲಿ ಕೆಲವು ಚಳಿಗಾಲ ಇಬ್ಬನಿಯೇ ಹೆಪ್ಪುಗಟ್ಟಿ ಬಿಳಿ ಪುಡಿಯಾಗಿ ಕಾಣುವುದು ಇದೇ ಕಾರಣಕ್ಕೆ.

ಏನೇನು ಜೊತೆಗಿರಬೇಕು

ದುಬಾರಿ ಸಾಮಾನು ಏನೂ ಬೇಡ. ಎರಡು ಅಥವಾ ಮೂರು ಬ್ಯಾಟರಿ. ಹೆಚ್ಚುವರಿ ರೆಕ್ಕೆಗಳು, ಅವಕ್ಕೆ ಹೊಂದುವ ಪುಟ್ಟ ಸ್ಕ್ರೂಡ್ರೈವರ್. ಡ್ರೋನ್ ಇಟ್ಟು ಹಾರಿಸಲು ಮಡಚುವ ಪ್ಯಾಡ್. ಅದಿಲ್ಲದಿದ್ದರೆ ಹಳೆಯ ಯೋಗ ಮ್ಯಾಟ್ ಕತ್ತರಿಸಿಕೊಂಡರೂ ನಡೆಯುತ್ತದೆ. ಬೆರಳ ತುದಿ ತೆರೆದಿರುವ ಕೈಗವಸು. ಮೈಕ್ರೊಫೈಬರ್ ಬಟ್ಟೆ. ಡ್ರೋನ್ ಪೂರ್ತಿ ಹಿಡಿಯುವಷ್ಟು ದೊಡ್ಡ ಜಿಪ್ ಪ್ಲಾಸ್ಟಿಕ್ ಚೀಲ, ಒಳಗೆ ಹಾಕಲು ಶೂ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣಗಳು. ಫೋನಿಗೆ ಒಂದು ಪವರ್ ಬ್ಯಾಂಕ್. ಈ ಪಟ್ಟಿಯಲ್ಲಿ ಎಲ್ಲರೂ ಬಿಟ್ಟು ಹೋಗುವುದು ಜಿಪ್ ಚೀಲವನ್ನು. ಯಾಕೆ ಬೇಕು ಅನ್ನುವುದು 9ನೇ ಹಂತದಲ್ಲಿದೆ.

ಹಂತ 1: ಮೊದಲು ನಕ್ಷೆ, ಆಮೇಲೆ ಬ್ಯಾಗು

ನಮ್ಮಲ್ಲಿ ಡ್ರೋನಿಗೆ ಅನ್ವಯಿಸುವುದು 2021ರ ಡ್ರೋನ್ ನಿಯಮಗಳು. 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಮೇಲೆ 2 ಕಿಲೋವರೆಗಿನದು ಮೈಕ್ರೊ. ನ್ಯಾನೊ ಹಾರಿಸಲು, ಮತ್ತು ಸ್ವಂತ ಹವ್ಯಾಸಕ್ಕೆ ಮೈಕ್ರೊ ಹಾರಿಸಲು, ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಡ್ರೋನನ್ನು ನೋಂದಾಯಿಸಿ ಯುಐಎನ್, ಅಂದರೆ ಅದರ ಗುರುತಿನ ಸಂಖ್ಯೆ, ಪಡೆಯಬೇಕು ಅನ್ನುವುದು ಸಾಮಾನ್ಯ ನಿಯಮ.

ಇಲ್ಲಿ ತುಂಬಾ ಜನ ಎಡವುತ್ತಾರೆ. "ನನ್ನದು 249 ಗ್ರಾಂ, ನನಗೆ ಯಾವ ನಿಯಮವೂ ಇಲ್ಲ" ಅಂದುಕೊಳ್ಳುತ್ತಾರೆ. ಪ್ರಮಾಣಪತ್ರ ಬೇಡ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹಾರಿಸಬಹುದು ಅಂತಲ್ಲ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದಲ್ಲಿ ದೇಶದ ನಕ್ಷೆಯನ್ನು ಮೂರು ಬಣ್ಣದಲ್ಲಿ ಕೊಟ್ಟಿದ್ದಾರೆ. ಹಸಿರು ಇದ್ದಲ್ಲಿ ನೆಲದಿಂದ 120 ಮೀಟರ್, ಅಂದರೆ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದ ನಡುವೆ ಇದ್ದರೆ ಆ ಮಿತಿ 60 ಮೀಟರಿಗೆ ಇಳಿಯುತ್ತದೆ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಹವ್ಯಾಸಿಗಳ ಮಟ್ಟಿಗೆ ಕೆಂಪು ಅಂದರೆ ಇಲ್ಲ ಅಂತಲೇ ತಿಳಿಯಿರಿ.

ಪುಣೆಯಲ್ಲಿ ಈ ನಕ್ಷೆ ನೋಡದೆ ಮನೆಯಿಂದ ಹೊರಡಲೇಬಾರದು. ಲೋಹಗಾಂವ್ ವಿಮಾನ ನಿಲ್ದಾಣ ಇರುವುದು ವಾಯುಪಡೆಯ ನೆಲೆಯಲ್ಲಿ. ಖಡಕವಾಸಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ದಂಡು ಪ್ರದೇಶಗಳೂ ಇವೆ. ಸಿಂಹಗಡಕ್ಕೆ ಹೋಗುವ ದಾರಿಯಲ್ಲಿ 'ಇಲ್ಲೇ ಒಂದೈದು ನಿಮಿಷ' ಅಂತ ಡ್ರೋನ್ ತೆಗೆಯುವವರು ಇದನ್ನು ನೆನಪಿಡಬೇಕು. ಲೋಹಗಡ, ಶಿವನೇರಿ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಅಲ್ಲಿ ನಕ್ಷೆಯ ಬಣ್ಣ ಏನೇ ಇದ್ದರೂ ಇಲಾಖೆಯ ಒಪ್ಪಿಗೆ ಬೇಕು. ಭೀಮಾಶಂಕರದಂಥ ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯನ್ನು ಕೇಳಬೇಕು. ಇನ್ನು ಭಿಗವಣದಲ್ಲಿ ರಾಜಹಂಸಗಳು ಬಂದಿರುವ ಕಾಲ ಇದು. ಅವುಗಳ ಹಿಂಡಿನ ಮೇಲೆ ಡ್ರೋನ್ ಒಯ್ಯುವುದು ಬೇಡವೇ ಬೇಡ. ಒಂದು ಶಾಟಿಗಾಗಿ ನೂರಾರು ಹಕ್ಕಿಗಳನ್ನು ಎಬ್ಬಿಸುವುದು ನನ್ನ ಪ್ರಕಾರ ಕೆಟ್ಟ ಕೆಲಸ.

ಹಿಮಾಚಲ, ಲಡಾಖ್, ಕಾಶ್ಮೀರಕ್ಕೆ ಹೋಗುವವರಿಗೆ ಇದು ಇನ್ನೂ ಸೂಕ್ಷ್ಮ. ಗಡಿ ಜಿಲ್ಲೆಗಳಲ್ಲಿ ಸೇನೆಯ ವಾಹನ, ಸೇತುವೆ, ಸುರಂಗದ ಹತ್ತಿರ ಡ್ರೋನ್ ತೆಗೆಯಬೇಡಿ. ನಕ್ಷೆ ಹಸಿರು ತೋರಿಸಿದರೂ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ಒಂದು ಮಾತು ಕೇಳಿ. ಜಿಲ್ಲಾಡಳಿತ ತಾತ್ಕಾಲಿಕವಾಗಿ ನಿಷೇಧ ಹಾಕಿದ್ದರೆ ಅವರಿಗೆ ಗೊತ್ತಿರುತ್ತದೆ.

ಹಂತ 2: ನಿಮ್ಮ ಡ್ರೋನ್ ಎಷ್ಟು ಚಳಿ ತಡೆಯುತ್ತದೆ?

ಕೈಪಿಡಿಯ ಕೊನೆಯಲ್ಲಿ 'ಆಪರೇಟಿಂಗ್ ಟೆಂಪರೇಚರ್' ಅಂತ ಒಂದು ಸಾಲು ಇರುತ್ತದೆ. ಡಿಜೆಐ ಕಂಪನಿಯ ಮಿನಿ 2, ಏರ್ 2ಎಸ್‌ನಂಥ ಮಾದರಿಗಳಿಗೆ ಅದು 0ಯಿಂದ 40 ಡಿಗ್ರಿ. ಮಿನಿ 3 ಪ್ರೊ, ಮಿನಿ 4 ಪ್ರೊ, ಮ್ಯಾವಿಕ್ 3 ಇವುಗಳಿಗೆ ಮೈನಸ್ 10ರಿಂದ 40. ಪುಣೆಯಲ್ಲಿ ಯಾವುದೇ ಮಾದರಿ ಈ ಮಿತಿಯ ಒಳಗೇ ಇರುತ್ತದೆ. ಮನಾಲಿ ಹತ್ತಿರದ ಸೋಲಂಗ್, ಸಿಸ್ಸು ಕಡೆ ಬೆಳಗಿನ ಜಾವ ಮಿನಿ 2 ತೆಗೆದರೆ ತಯಾರಕರು ಹೇಳಿದ ಗೆರೆ ದಾಟಿದಂತೆಯೇ.

ಅದರ ಹತ್ತಿರವೇ ಇನ್ನೊಂದು ಅಂಕಿ ನೋಡಿ: ಎಷ್ಟು ಎತ್ತರದ ಊರಿನಿಂದ ಹಾರಬಲ್ಲದು ಅನ್ನುವುದು. ಮಿನಿ ಮಾದರಿಗಳಿಗೆ ಸಾಮಾನ್ಯವಾಗಿ ಸಮುದ್ರಮಟ್ಟದಿಂದ 4,000 ಮೀಟರ್. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ, ಮನಾಲಿ ಸುಮಾರು 2,050, ಲೇಹ್ ಸುಮಾರು 3,500, ರೋಹತಾಂಗ್ 3,978. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ. ಗಾಳಿ ತೆಳುವಾದಷ್ಟೂ ರೆಕ್ಕೆ ಜೋರಾಗಿ ತಿರುಗಬೇಕು, ಬ್ಯಾಟರಿ ಬೇಗ ಖಾಲಿಯಾಗುತ್ತದೆ. 'ಚಳಿಗೆ ಗಾಳಿ ದಟ್ಟವಾಗಿರುತ್ತಲ್ಲ, ಹಾರೋದು ಸುಲಭ ಅಲ್ವಾ?' ಅಂತ ಕೇಳುತ್ತಾರೆ. ಪುಣೆಯ ಮಟ್ಟಿಗೆ ಸ್ವಲ್ಪ ನಿಜ. ಎತ್ತರದ ಊರಿನಲ್ಲಿ ಆ ಲಾಭ ಉಳಿಯುವುದಿಲ್ಲ.

ಹಂತ 3: ಹಿಂದಿನ ರಾತ್ರಿಯ ಕೆಲಸ

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಹೋದ ವಾರ ಮಾಡಿಟ್ಟದ್ದು ಲೆಕ್ಕಕ್ಕಿಲ್ಲ. ಈಗಿನ ಬ್ಯಾಟರಿಗಳು ಕೆಲವು ದಿನ ಸುಮ್ನೆ ಕೂತರೆ ತಮ್ಮ ರಕ್ಷಣೆಗಾಗಿ ತಾವೇ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತವೆ. ಅರ್ಧ ಚಾರ್ಜ್ ಆದ ಬ್ಯಾಟರಿಯನ್ನು ಚಳಿಯಲ್ಲಿ ಹಾರಿಸುವುದಂತೂ ಕೂಡದು.

ಸಾಫ್ಟ್‌ವೇರ್ ಅಪ್‌ಡೇಟ್, ಆ್ಯಪ್ ಲಾಗಿನ್, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುವುದು, ಎಲ್ಲವನ್ನೂ ಮನೆಯಲ್ಲೇ ಮುಗಿಸಿ. ಸ್ಪಿತಿಯಲ್ಲಿ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಆ್ಯಪ್ 'ಅಪ್‌ಡೇಟ್ ಮಾಡಿ' ಅಂತ ಹಟ ಹಿಡಿದರೆ ಮಾಡುವಂಥದ್ದೇನೂ ಇರುವುದಿಲ್ಲ.

ರೆಕ್ಕೆಗಳನ್ನು ಬೆಳಕಿಗೆ ಹಿಡಿದು ಅಂಚಿನಲ್ಲಿ ಸೀಳು ಇದೆಯಾ ನೋಡಿ. ಪ್ಲಾಸ್ಟಿಕ್ ಚಳಿಗೆ ಗಡುಸಾಗುತ್ತದೆ, ಪೆಟ್ಟಿಗೆ ಬೇಗ ಒಡೆಯುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದುಹೋಗುತ್ತಿದ್ದ ಕೂದಲೆಳೆಯ ಸೀಳು ಮೈನಸ್ 5ರಲ್ಲಿ ನಡೆಯುವುದಿಲ್ಲ.

ಹಂತ 4: ವಿಮಾನದಲ್ಲಿ ಒಯ್ಯುವುದು

ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಮಾಡುವ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿನವಕ್ಕೆ ವಿಶೇಷ ಅನುಮತಿ ಬೇಡ. ವ್ಯಾಟ್-ಅವರ್ ಅಂದರೆ ಬ್ಯಾಟರಿಯಲ್ಲಿ ಒಟ್ಟು ತುಂಬುವ ಶಕ್ತಿಯ ಅಳತೆ. ಬ್ಯಾಟರಿಯ ಮೇಲೇ ಬರೆದಿರುತ್ತದೆ. ಮಿನಿ ಡ್ರೋನುಗಳ ಸಾಮಾನ್ಯ ಬ್ಯಾಟರಿಯದ್ದು 20ಕ್ಕಿಂತಲೂ ಕಡಿಮೆ, ಹಾಗಾಗಿ ಚಿಂತೆ ಇಲ್ಲ. ಲೋಹದ ತುದಿಗಳು ಒಂದಕ್ಕೊಂದು ತಾಗದಂತೆ ಪ್ರತಿ ಬ್ಯಾಟರಿಯನ್ನೂ ಬೇರೆ ಚೀಲದಲ್ಲಿಡಿ. ಶ್ರೀನಗರ, ಲೇಹ್ ವಿಮಾನ ನಿಲ್ದಾಣಗಳಲ್ಲಿ ಭದ್ರತೆ ಬಿಗಿ. ಟಿಕೆಟ್ ಮಾಡುವಾಗಲೇ ವಿಮಾನ ಕಂಪನಿಯನ್ನು ಕೇಳಿಕೊಳ್ಳಿ, ವಾಪಸು ಬರುವ ದಾರಿಗೂ ಸೇರಿಸಿ.

ಹಂತ 5: ಬ್ಯಾಟರಿ ಬೆಚ್ಚಗಿರಲಿ

ಇದು ಈ ಲೇಖನದ ಮುಖ್ಯ ಭಾಗ. ಮೇಲೆ ಕೇಳಿದ 40 ಪರ್ಸೆಂಟಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ.

ಡ್ರೋನಿನಲ್ಲಿರುವುದು ಲಿಥಿಯಂ ಬ್ಯಾಟರಿ. ಅದರೊಳಗೆ ಲಿಥಿಯಂ ಕಣಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡಿದಾಗ ಕರೆಂಟ್ ಬರುತ್ತದೆ. ಚಳಿ ಹೆಚ್ಚಾದಂತೆ ಈ ಓಡಾಟ ನಿಧಾನವಾಗುತ್ತದೆ. ಒಳಗಿನ ತಡೆ ಹೆಚ್ಚಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿ ನೋಡಿದ್ದೀರಲ್ಲ? ಬಾಟಲಿ ತುಂಬಾ ಎಣ್ಣೆ ಇದೆ, ಹನಿ ಮಾತ್ರ ಬೀಳುವುದಿಲ್ಲ. ಬ್ಯಾಟರಿಯದೂ ಅದೇ ಕಥೆ. ಪರದೆಯ ಮೇಲಿನ ಪರ್ಸೆಂಟ್ ಹೇಳುವುದು ಎಷ್ಟು ಉಳಿದಿದೆ ಅಂತ. ಮೋಟಾರು ಈ ಕ್ಷಣ ಕೇಳಿದಷ್ಟು ಕೊಡಲು ಆಗುತ್ತದೆಯೇ ಅನ್ನುವುದು ತಿಳಿಯುವುದು ವೋಲ್ಟೇಜ್‌ನಿಂದ. ತಣ್ಣಗಿರುವ ಬ್ಯಾಟರಿ ಇಟ್ಟುಕೊಂಡು ಒಮ್ಮೆಲೇ ರಿಮೋಟಿನ ಸ್ಟಿಕ್ ಪೂರ್ತಿ ತಳ್ಳಿದರೆ ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ. ಡ್ರೋನಿನ ಒಳಗಿನ ರಕ್ಷಣಾ ವ್ಯವಸ್ಥೆ ಅದನ್ನು 'ಬ್ಯಾಟರಿ ಮುಗೀತು' ಅಂತ ಓದಿಕೊಂಡು, ಇದ್ದಲ್ಲೇ ಇಳಿಸಲು ಶುರು ಮಾಡುತ್ತದೆ. ಕೆಳಗೆ ಬಿಯಾಸ್ ನದಿ ಇದೆಯೋ ದೇವದಾರು ಮರ ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಹೀಗೆ ಮಾಡಿ.

ಬ್ಯಾಟರಿಗಳನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಶಾಖಕ್ಕೆ ಹತ್ತಿರ ಇಟ್ಟುಕೊಳ್ಳಿ. ಅದೇ ಜೇಬಿನಲ್ಲಿ ಕೀ, ಚಿಲ್ಲರೆ ಇರಬಾರದು. ಡ್ರೋನಿಗೆ ಹಾಕುವುದು ಹಾರಿಸುವ ಎರಡು ನಿಮಿಷ ಮುಂಚೆ. ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿ ಬ್ಯಾಗು ಬಿಡುವುದು ನಾನು ನೋಡಿದ ಅತಿ ಸಾಮಾನ್ಯ ತಪ್ಪು. ಪುಣೆಯಲ್ಲಿ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಮನಾಲಿಯಲ್ಲಿ ಬೆಳಿಗ್ಗೆ ಎದ್ದಾಗ ಬ್ಯಾಟರಿ ಕಲ್ಲಿನಷ್ಟು ತಣ್ಣಗಿರುತ್ತದೆ.

ಹಾರುವ ಮೊದಲು ಬ್ಯಾಟರಿಯ ಒಳಗಿನ ಉಷ್ಣಾಂಶ 20 ಡಿಗ್ರಿ ಇದ್ದರೆ ಒಳ್ಳೆಯದು. ಹೆಚ್ಚಿನ ಆ್ಯಪ್‌ಗಳಲ್ಲಿ ಸುರಕ್ಷತೆ ವಿಭಾಗದೊಳಗೆ ಬ್ಯಾಟರಿ ಮಾಹಿತಿ ತೆರೆದರೆ ಉಷ್ಣಾಂಶವೂ, ಪ್ರತಿ ಸೆಲ್ಲಿನ, ಅಂದರೆ ಬ್ಯಾಟರಿಯೊಳಗಿನ ಬಿಡಿ ಘಟಕದ, ವೋಲ್ಟೇಜೂ ಕಾಣುತ್ತವೆ. ಈ ಪುಟ ಎಲ್ಲಿದೆ ಅಂತ ಮನೆಯಲ್ಲೇ ಹುಡುಕಿಟ್ಟುಕೊಳ್ಳಿ.

ಬೆಚ್ಚಗೆ ಮಾಡುವ ಆತುರದಲ್ಲಿ ಬ್ಯಾಟರಿಯನ್ನು ಬುಖಾರಿ, ಅಂದರೆ ಅಲ್ಲಿನ ಮನೆಗಳ ಕಟ್ಟಿಗೆ ಒಲೆಯ ಮೇಲೋ, ಕಾರಿನ ಹೀಟರ್ ಕಿಂಡಿಗೆ ಒತ್ತಿಯೋ, ಬಿಸಿನೀರಿನ ಚೀಲಕ್ಕೆ ತಾಗಿಸಿಯೋ ಇಡಬೇಡಿ. 40 ಡಿಗ್ರಿ ದಾಟಿದರೆ ಅದೂ ಹಾನಿಯೇ. ಕೈ ಬೆಚ್ಚಗಿಡುವ ಪೊಟ್ಟಣ ಬಳಸುವುದಾದರೆ ನಡುವೆ ಒಂದು ದಪ್ಪ ಬಟ್ಟೆ ಇರಲಿ.

ಇನ್ನೊಂದು ಕಟ್ಟುನಿಟ್ಟಿನ ವಿಷಯ: ತಣ್ಣಗಿರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ತಯಾರಕರು ಸಾಮಾನ್ಯವಾಗಿ 5 ಡಿಗ್ರಿಗಿಂತ ಮೇಲೆ ಮಾತ್ರ ಚಾರ್ಜ್ ಮಾಡಿ ಅನ್ನುತ್ತಾರೆ. 0ಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಲೋಹದ ಪದರವಾಗಿ ಕೂರುತ್ತದೆ. ಅದು ಮತ್ತೆ ಸರಿಹೋಗುವುದಿಲ್ಲ, ಮುಂದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಹಿಮಾಚಲದ ಹೋಂಸ್ಟೇಗಳಲ್ಲಿ ರಾತ್ರಿ ಬುಖಾರಿ ಆರಿದ ಮೇಲೆ ಕೋಣೆಯೇ ಫ್ರಿಜ್ಜಿನಂತೆ ಆಗುತ್ತದೆ. ಚಾರ್ಜ್ ಮಾಡುವ ಕೆಲಸವನ್ನು ಸಂಜೆ, ಕೋಣೆ ಬೆಚ್ಚಗಿದ್ದಾಗ, ನೀವು ಎಚ್ಚರ ಇದ್ದಾಗ ಮುಗಿಸಿ.

ಹಂತ 6: ಹೊತ್ತು ಆರಿಸುವುದು

ಪುಣೆಯವರ ಮಂಜಿನ ಪ್ರಶ್ನೆಗೆ ಉತ್ತರ: ಮಂಜಿನ ಮೇಲೆ ಹಾರಿಸಿ, ಒಳಗೆ ಬೇಡ.

ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿ. ನಮ್ಮಲ್ಲಿ ಬಳಕೆಯಲ್ಲಿರುವ ಬಹುತೇಕ ಪುಟ್ಟ ಕ್ಯಾಮೆರಾ ಡ್ರೋನುಗಳಿಗೆ ನೀರು ತಡೆಯುವ ಶಕ್ತಿ ಇಲ್ಲ. ಮೋಟಾರು ತಂಪಾಗಲೆಂದು ಇರುವ ಕಿಂಡಿಗಳಿಂದಲೇ ತೇವ ಒಳಗೆ ಹೋಗುತ್ತದೆ. ಲೆನ್ಸ್ ಮಸುಕಾಗುತ್ತದೆ. ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರ್‌ಗಳಿಗೆ ಏನೂ ಕಾಣುವುದಿಲ್ಲ. ನಿಮಗೂ ಡ್ರೋನ್ ಕಾಣುವುದಿಲ್ಲ, ಕಣ್ಣಳತೆಯಲ್ಲೇ ಹಾರಿಸಬೇಕು ಅನ್ನುವ ನಿಯಮ ಅಲ್ಲಿಗೆ ಮುರಿದಂತೆ. ಉಷ್ಣಾಂಶ 0 ಹತ್ತಿರ ಇದ್ದು ಮಂಜೂ ಇದ್ದರೆ ರೆಕ್ಕೆಯ ಅಂಚಿನಲ್ಲಿ ಮಂಜುಗಡ್ಡೆ ಕೂರುತ್ತದೆ. ರೆಕ್ಕೆಯ ಆಕಾರ ಬದಲಾಗಿ ಎತ್ತುವ ಬಲ ಹೋಗುತ್ತದೆ. ಡ್ರೋನ್ ನಡುಗಲು ಶುರುವಾಯಿತು, ಅಥವಾ ಮೋಟಾರಿನ ಸದ್ದು ಏರಿತು ಅಂದರೆ ತಕ್ಷಣ ಇಳಿಸಿ.

ಟೆಕಡಿಯ, ಅಂದರೆ ಗುಡ್ಡದ, ಮೇಲೆ ನಿಂತು ಕೆಳಗಿನ ಕಣಿವೆಯ ಮಂಜನ್ನು ತೆಗೆಯುವುದು ಸುರಕ್ಷಿತ, ನೋಡಲೂ ಚೆಂದ. ಆಸೆ ಹುಟ್ಟುವುದು ಅಲ್ಲೇ: ಮಂಜಿನ ಪದರ ಸವರಿಕೊಂಡು ಹೋಗೋಣ ಅಂತ. ಪದರಕ್ಕಿಂತ 20-30 ಮೀಟರ್ ಮೇಲೇ ಇರಿ. ಬಿಸಿಲು ಬಿದ್ದಂತೆ ಮಂಜು ಮೇಲೆದ್ದು ಬರುತ್ತದೆ, ನೀವು ನಿಂತ ಜಾಗವನ್ನೇ ಮುಚ್ಚಿಬಿಡುತ್ತದೆ. ಆಗ ಡ್ರೋನ್ ಮೇಲೆ ಬಿಸಿಲಿನಲ್ಲಿ, ನೀವು ಕೆಳಗೆ ಬಿಳಿ ಗೋಡೆಯೊಳಗೆ.

ಸೂರ್ಯ ಹುಟ್ಟಿ ಒಂದು ಗಂಟೆಯ ನಂತರ ಪುಣೆಯಲ್ಲಿ ಒಳ್ಳೆಯ ಹೊತ್ತು. ಬೆಳಕು ಇನ್ನೂ ಓರೆಯಾಗಿರುತ್ತದೆ, ಹುಲ್ಲಿನ ಇಬ್ಬನಿ ಆರುತ್ತಿರುತ್ತದೆ. ಹಿಮಾಚಲದಲ್ಲಿ ಒಂಬತ್ತರಿಂದ ಹನ್ನೊಂದರ ನಡುವೆ. ಮಧ್ಯಾಹ್ನದ ನಂತರ ಕಣಿವೆಯಲ್ಲಿ ಗಾಳಿ ಏಳುತ್ತದೆ, ಸಂಜೆ ಬೇಗ ಕತ್ತಲಾಗುತ್ತದೆ.

ಹಂತ 7: ಮೇಲೇಳುವುದು

ಪುಣೆಯ ಸುತ್ತ ಈ ಕಾಲದಲ್ಲಿ ಮಳೆಗಾಲದ ಹುಲ್ಲು ಒಣಗಿ ಮೊಣಕಾಲೆತ್ತರ ನಿಂತಿರುತ್ತದೆ. ಕಡ್ಡಿ ರೆಕ್ಕೆಗೆ ಸಿಕ್ಕರೆ ಡ್ರೋನ್ ಅಲ್ಲೇ ಮಗುಚುತ್ತದೆ. ಹಿಮದಲ್ಲಾದರೆ ರೆಕ್ಕೆಯ ಗಾಳಿಗೆ ಪುಡಿಹಿಮ ಎದ್ದು ಮೋಟಾರಿಗೂ ಕ್ಯಾಮೆರಾಕ್ಕೂ ನುಗ್ಗುತ್ತದೆ. ಎರಡಕ್ಕೂ ಪ್ಯಾಡೇ ಮದ್ದು. ಹಿಮವನ್ನು ಕಾಲಿನಲ್ಲಿ ಒತ್ತಿ ಗಟ್ಟಿ ಮಾಡಿ, ಅದರ ಮೇಲೆ ಹಾಸಿ. ಕಾರಿನ ಬಾನೆಟ್ ಮೇಲಿನಿಂದ ಹಾರಿಸಬೇಡಿ. ಕಬ್ಬಿಣಕ್ಕೆ ದಿಕ್ಸೂಚಿ ಗೊಂದಲಗೊಳ್ಳುತ್ತದೆ. ಕೈಯಿಂದ ಹಾರಿಸುವುದೂ ಬೇಡ. ಚಳಿಗೆ ಮರಗಟ್ಟಿದ ಬೆರಳಿಗೆ ರೆಕ್ಕೆ ತಾಗಿದ್ದೂ ತಡವಾಗಿ ಗೊತ್ತಾಗುತ್ತದೆ.

ಆನ್ ಮಾಡಿದಾಗ ಗಿಂಬಲ್, ಅಂದರೆ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಪುಟ್ಟ ಮೋಟಾರಿನ ತೋಳು, ಚಳಿಗೆ ಬಿಗಿಯಾಗಿ ಎಚ್ಚರಿಕೆ ಕೊಡಬಹುದು. ಒಂದೆರಡು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ. ಬೆರಳಿನಿಂದ ತಿರುವಬೇಡಿ.

ಸಾಕಷ್ಟು ಉಪಗ್ರಹ ಸಿಕ್ಕು 'ಹೋಮ್ ಪಾಯಿಂಟ್' ದಾಖಲಾಗುವವರೆಗೆ ಕಾಯಿರಿ. ಸಂಪರ್ಕ ತಪ್ಪಿದರೆ ಡ್ರೋನ್ ಮರಳಿ ಬರುವ ಜಾಗ ಅದು. ಮರಳಿ ಬರುವ ಎತ್ತರವನ್ನು ಸುತ್ತಲಿನ ಮರ, ಗುಡ್ಡ, ಕರೆಂಟಿನ ತಂತಿಗಿಂತ ಮೇಲೆ ಹೊಂದಿಸಿ. ಅತಿ ಎತ್ತರ ಬೇಡ, ಮೇಲೇರಲು ಬೇಕಾದ ಬ್ಯಾಟರಿ ಚಳಿಯಲ್ಲಿ ಉಳಿದಿರಬೇಕಲ್ಲ.

ಈಗ ಮೇಲೆತ್ತಿ, ಎರಡು ಮೀಟರ್ ಎತ್ತರದಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿಸಿ. ಕರೆಂಟ್ ಹರಿದಂತೆ ಬ್ಯಾಟರಿ ಒಳಗಿಂದಲೇ ಬಿಸಿಯಾಗುತ್ತದೆ. ಹಿಮದ ಊರಿನಲ್ಲಿ ಎರಡು ನಿಮಿಷ. ಈ ಹೊತ್ತಿನಲ್ಲಿ ವೋಲ್ಟೇಜ್ ನೋಡಿ. ಬಿದ್ದದ್ದು ಮತ್ತೆ ಏರಿ ನಿಂತರೆ ಮುಂದುವರಿಯಿರಿ. ಸುಮ್ನೆ ನಿಂತಾಗಲೂ ಇಳಿಯುತ್ತಲೇ ಇದ್ದರೆ ಆ ಬ್ಯಾಟರಿಯನ್ನು ಇಳಿಸಿ ಜೇಬಿಗೆ ಹಾಕಿ, ಬೇರೆಯದನ್ನು ತೆಗೆಯಿರಿ.

ಹಂತ 8: ಗಾಳಿಯಲ್ಲಿದ್ದಾಗ

ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ಇರುತ್ತದೆ. ಹಾರುವಾಗ 3.7 ಆಸುಪಾಸು ಇದ್ದರೆ ಆರಾಮ. ಸ್ಟಿಕ್ ತಳ್ಳಿದಾಗ 3.5ಕ್ಕೆ ಬರುತ್ತಿದ್ದರೆ ತಿರುಗಿ ಹೊರಡಿ. 3.3 ಕಂಡರೆ ಪ್ಯಾಡಿನ ಆಸೆ ಬಿಟ್ಟು, ಹತ್ತಿರದ ಸಮತಟ್ಟು ಜಾಗದಲ್ಲಿ ಇಳಿಸಿ.

ಪರ್ಸೆಂಟಿನ ಲೆಕ್ಕದಲ್ಲೇ ಹೋಗುತ್ತೇನೆ ಅನ್ನುವವರಿಗೆ ನನ್ನ ಸಲಹೆ: ಪುಣೆಯ ಚಳಿಯಲ್ಲಿ 35ಕ್ಕೆ, ಹಿಮದಲ್ಲಿ 50ಕ್ಕೆ ವಾಪಸು. ಜಿಪುಣತನ ಅನ್ನಿಸಬಹುದು, ಅನ್ನಿಸಲಿ. ಡಬ್ಬಿಯ ಮೇಲೆ 30 ನಿಮಿಷ ಅಂತ ಬರೆದಿದ್ದರೆ ಅದು ಗಾಳಿ ಇಲ್ಲದ, ಹಿತವಾದ ಹವೆಯಲ್ಲಿ ಅಳೆದದ್ದು.

ಅತಿ ವೇಗದ ಸ್ಪೋರ್ಟ್ ಮೋಡ್ ಬೇಡ. ಸ್ಟಿಕ್‌ಗಳನ್ನು ಮೆಲ್ಲಗೆ ಆಡಿಸಿ. ಗಾಳಿ ಇದ್ದರೆ ಮೊದಲು ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಅದೇ ಗಾಳಿ ತಳ್ಳಿಕೊಂಡು ಬರುತ್ತದೆ. ಉಲ್ಟಾ ಮಾಡಿದವರ ಡ್ರೋನುಗಳೇ ಕಣಿವೆಯಲ್ಲಿ ಉಳಿಯುವುದು. ಮಿನಿ ವರ್ಗದವು ಸೆಕೆಂಡಿಗೆ ಸುಮಾರು 10 ಮೀಟರ್ ಗಾಳಿಯವರೆಗೆ ತಡೆಯುತ್ತವೆ. ಘಾಟಿನ ಅಂಚಿನಲ್ಲಿ ನೀವು ನಿಂತಲ್ಲಿ ಎಲೆ ಅಲ್ಲಾಡದಿದ್ದರೂ 50 ಮೀಟರ್ ಮೇಲೆ ಅಷ್ಟು ಗಾಳಿ ಇರಬಹುದು.

ಪುಣೆಯಲ್ಲಿ ಹದ್ದುಗಳ ಕಾಟವೂ ಇದೆ. ಗೂಡು ಕಟ್ಟುವ ಕಾಲವಾದ್ದರಿಂದ ಚಳಿಗಾಲದಲ್ಲಿ ಅವು ಡ್ರೋನ್ ಕಂಡರೆ ಎರಗುತ್ತವೆ. ಹತ್ತಿರ ಬಂದರೆ ನೇರ ಮೇಲಕ್ಕೆ ಏರಿಸಿ, ಅನುಮತಿಯ ಎತ್ತರದೊಳಗೇ ಇದ್ದುಕೊಂಡು ಜಾಗ ಬಿಡಿ.

ಫೋನ್ ಮರೆಯಬೇಡಿ. ಚಳಿಗೆ ಅದರ ಬ್ಯಾಟರಿಯೂ ಅದೇ ರೀತಿ ಸೋಲುತ್ತದೆ, 30 ಪರ್ಸೆಂಟಿನಲ್ಲೇ ಆಫ್ ಆಗಬಹುದು. ಪರದೆ ಕಪ್ಪಾದರೂ ರಿಮೋಟಿನ ಸ್ಟಿಕ್‌ಗಳು ಕೆಲಸ ಮಾಡುತ್ತಿರುತ್ತವೆ. ಗಾಬರಿಯಾಗದೆ ರಿಟರ್ನ್ ಬಟನ್ ಒತ್ತಿ, ಅಥವಾ ಕಣ್ಣಲ್ಲೇ ನೋಡಿಕೊಂಡು ತನ್ನಿ.

ಕ್ಯಾಮೆರಾ ಬಗ್ಗೆ ಚಿಕ್ಕದಾಗಿ: ಹಿಮದ ಬಿಳುಪು ನೋಡಿ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ, ಹಿಮ ಬೂದಿಯಂತೆ ಕಾಣುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕನ್ನು, ಪ್ಲಸ್ 0.7ರಿಂದ 1ರಷ್ಟು ಏರಿಸಿ. ವಿಡಿಯೊ ಮಾಡುವವರಿಗೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕಾಗುತ್ತದೆ. ಅದನ್ನು ಹೊರಡುವ ಮೊದಲೇ ಹಾಕಿ. ಮರಗಟ್ಟಿದ ಕೈಯಲ್ಲಿ ಹಾಕಲು ಹೋದರೆ ಹಿಮಕ್ಕೆ ಬೀಳುತ್ತದೆ.

ಇಳಿಸುವಾಗ ಹಿಮದಲ್ಲಿ ಡ್ರೋನಿನ ಹೊಟ್ಟೆಯ ಕ್ಯಾಮೆರಾವನ್ನು ಪೂರ್ತಿ ನಂಬಬೇಡಿ. ಗೆರೆ, ಕಲ್ಲು ಏನೂ ಇಲ್ಲದ ಬಿಳಿ ಹಾಸಿನ ಮೇಲೆ ಅದಕ್ಕೆ ಎತ್ತರ, ಜಾಗ ಸರಿಯಾಗಿ ತಿಳಿಯುವುದಿಲ್ಲ. ಬಣ್ಣದ ಪ್ಯಾಡ್ ಇದ್ದರೆ ಅದಕ್ಕೂ ಗುರುತು, ನಿಮಗೂ ಗುರುತು. ಕೊನೆಯ ಮೂರು ಮೀಟರ್ ಸ್ಟಿಕ್ ಹಿಡಿದು ನೀವೇ ಇಳಿಸಿ.

ಹಂತ 9: ಒಳಗೆ ತರುವುದು

ಹಾರಾಟ ಮುಗಿಯಿತು ಅಂತ ಎಲ್ಲರೂ ಎಚ್ಚರ ತಪ್ಪುವುದು ಇಲ್ಲಿ. ತಣ್ಣಗಿರುವ ಡ್ರೋನನ್ನು ನೇರ ಬೆಚ್ಚಗಿನ ಕೋಣೆಗೆ ತಂದರೆ, ಒಳಗಿನ ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಹೊರಗೆ ಕೂತದ್ದನ್ನು ಒರೆಸಬಹುದು. ಸರ್ಕ್ಯೂಟ್ ಮೇಲೆ, ಲೆನ್ಸಿನ ಒಳಬದಿಯಲ್ಲಿ ಕೂತದ್ದು ಕಾಣುವುದೇ ಇಲ್ಲ. 'ನಿನ್ನೆ ಚೆನ್ನಾಗಿತ್ತು, ಇವತ್ತು ಗಿಂಬಲ್ ಎರರ್' ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿರುತ್ತವೆ.

ಹೊರಗಿನ ಚಳಿಯಲ್ಲಿ ಇರುವಾಗಲೇ ಡ್ರೋನನ್ನು ಒಣಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಆಮೇಲೆ ಒಳಗೆ ತನ್ನಿ. ಹನಿಗಳು ಚೀಲದ ಹೊರಮೈಯಲ್ಲಿ ಕೂರುತ್ತವೆ. ಎರಡು ಗಂಟೆ ಹಾಗೇ ಬಿಟ್ಟು, ಡ್ರೋನ್ ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆ ತೆರೆಯಿರಿ. ವಿಡಿಯೊ ನೋಡುವ ತವಕ ಇದ್ದರೆ ಮೆಮೊರಿ ಕಾರ್ಡ್ ಒಂದನ್ನು ಹೊರಗೇ ತೆಗೆದಿಟ್ಟುಕೊಳ್ಳಿ. ಪುಣೆಯಲ್ಲಿ ಹೀಟರ್ ಹಾಕಿದ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಇಬ್ಬನಿಯಲ್ಲಿ ನೆನೆದ ಡ್ರೋನನ್ನು ಹಾಗೇ ಚೀಲಕ್ಕೆ ತುರುಕಿ ಸೋಮವಾರ ಹಿಂಜವಡಿಗೆ ಆಫೀಸಿಗೆ ಹೋಗಿ, ಮುಂದಿನ ಶನಿವಾರ ತೆರೆದು ನೋಡಬೇಡಿ.

ಹಂತ 10: ಹಿಮಕ್ಕೋ ನೀರಿಗೋ ಬಿದ್ದರೆ

ಆ್ಯಪಿನಲ್ಲಿ ಡ್ರೋನ್ ಹುಡುಕುವ ಪುಟ ಕೊನೆಯ ಜಾಗವನ್ನು ತೋರಿಸುತ್ತದೆ. ಸಂಪರ್ಕ ಇನ್ನೂ ಇದ್ದರೆ ಅಲ್ಲಿಂದಲೇ ಸದ್ದು ಮಾಡಿಸಬಹುದು. ಆ ಪರದೆಯ ಸ್ಕ್ರೀನ್‌ಶಾಟ್ ಮೊದಲು ತೆಗೆಯಿರಿ, ಫೋನ್ ಯಾವಾಗ ಆಫ್ ಆಗುತ್ತದೋ ಹೇಳಲಾಗದು. ಬೂದು ಬಣ್ಣದ ಡ್ರೋನ್ ಹಿಮದಲ್ಲಿ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಸೆನ್ಸರ್, ಕಿಂಡಿ ಮುಚ್ಚದಂತೆ ಕಿತ್ತಳೆ ಸ್ಟಿಕ್ಕರ್ ಅಂಟಿಸಿಕೊಂಡು ಹೋಗಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಕಡಿದಾದ ಹಿಮದ ಇಳಿಜಾರಿಗೆ, ಹೆಪ್ಪುಗಟ್ಟಿದ ಕೆರೆಗೆ ಇಳಿಯಬೇಡಿ. ಸ್ಥಳೀಯರನ್ನು ಕೇಳಿ.

ಸಿಕ್ಕಿದ ಮೇಲೆ 'ಆನ್ ಆಗುತ್ತಾ ನೋಡೋಣ' ಅನ್ನಬೇಡಿ. ಮೊದಲು ಬ್ಯಾಟರಿ ತೆಗೆಯಿರಿ. ಹಿಮವನ್ನು ಬಾಯಿಂದ ಊದಬೇಡಿ, ಉಸಿರಿನ ಬಿಸಿಗೆ ಕರಗಿ ಒಳಗೆ ಹರಿಯುತ್ತದೆ. ಮೃದು ಬ್ರಷ್‌ನಿಂದ ಕೊಡವಿ. ಹೇರ್ ಡ್ರೈಯರಿನ ಬಿಸಿಗಾಳಿ ಬೇಡ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದೂ ಬೇಡ, ಅದರ ಹಿಟ್ಟಿನ ಪುಡಿ ಮೋಟಾರಿಗೆ ಹೋಗುತ್ತದೆ. ಗಾಳಿಯಾಡುವ ಒಣ ಜಾಗದಲ್ಲಿ ಕನಿಷ್ಠ ಒಂದು ದಿನ ಬಿಡಿ, ಆಮೇಲೆ ರಿಪೇರಿಯವರಿಗೆ ತೋರಿಸಿ. ನೀರು ಕುಡಿದ ಅಥವಾ ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ, ವಿಮಾನದಲ್ಲೂ ತರಬೇಡಿ. ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ರವಾಸ ಮುಗಿಸಿ ಬಂದು ಒಂದು ತಿಂಗಳು ಹಾರಿಸುವುದಿಲ್ಲ ಅಂದರೆ ಉಳಿದ ಒಳ್ಳೆಯ ಬ್ಯಾಟರಿಗಳನ್ನು 40ರಿಂದ 60 ಪರ್ಸೆಂಟ್ ಚಾರ್ಜಿನಲ್ಲಿಟ್ಟು, ತಂಪಾದ ಒಣ ಕಪಾಟಿನಲ್ಲಿಡಿ.